ಮಣ್ಣಿನ ಮನೆಗೆ 'ಕಚ್ಚಾ' ಎಂಬ ಬಿರುದೇಕೆ?

ಶಿಕಾರಿಪುರ, ಸೊರಬಗಳ ಕಡೆ ಮಣ್ಣು ತುಳಿದು ಗೋಡೆಯಿಟ್ಟ ಮನೆಗಳಲ್ಲಿ ತಲೆಮಾರುಗಳೇ ಬಾಳಿವೆ. ಆದರೆ 2011ರ ಸಾಮಾಜಿಕ–ಆರ್ಥಿಕ ಗಣತಿಯ ಲೆಕ್ಕದಲ್ಲಿ ಮಣ್ಣಿನ ಗೋಡೆಯೆಂದರೆ 'ಕಚ್ಚಾ'! ಬಡವನಿಗೆ ಭದ್ರವಾದ ಮನೆ ದೊರೆಯಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ಸಾಮಗ್ರಿಯ ಹೆಸರು ಕೇಳಿಯೇ ಮನೆಯ ಯೋಗ್ಯತೆಯನ್ನು ಅಳೆಯುವುದಕ್ಕೆ ತಕರಾರಿದೆ.

"ಮಳೆಗೆ ಕರಗುವುದಿಲ್ಲವೆ?" ಎನ್ನುತ್ತಾರೆ. ನೆನೆಯಲು ಬಿಟ್ಟರೆ ಕರಗುತ್ತದೆ. ಹಿರಿಯರು ಇದನ್ನು ಬಲ್ಲರು. ಬುಡದಲ್ಲಿ ಜಂಬಿಟ್ಟಿಗೆಯ ಅಡಿಪಾಯವನ್ನು ಎತ್ತರಿಸಿದರು, ಮೇಲೆ ಸೂರನ್ನು ಮುಂದಕ್ಕೆ ಚಾಚಿದರು, ಗೋಡೆ ಉಳಿಯಿತು. ನಾವೋ, ಸೂರನ್ನು ಮೊಟಕು ಮಾಡಿ, ಹೆಂಚು ಒಡೆದಾಗ ಕೈಕಟ್ಟಿ ಕುಳಿತು, ಗೋಡೆ ಕುಸಿದ ಮೇಲೆ ಮಣ್ಣನ್ನು ಬೈಯುತ್ತೇವೆ. ಸೋರುವ ಆರ್‌ಸಿಸಿ ಮಾಳಿಗೆಗೆ ತಗಡು ಹೊದಿಸುವಾಗ ಸಿಮೆಂಟನ್ನು ಬೈದವರುಂಟೆ?

ಹಳೆಯದೇ ಸಾಕೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ನೂರಕ್ಕೆ 7–8 ಪಾಲು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು. ವಿಜ್ಞಾನಿಗಳಿಗೆ ಮೈಲಿಗೆಯಾಗದ ಮಣ್ಣು ನಮಗೇಕೆ ಮೈಲಿಗೆ?

ನನ್ನ ಮನೆಯನ್ನು ನಾನು ಮಣ್ಣಿನಿಂದಲೇ ಕಟ್ಟುತ್ತೇನೆ. 'ಕಚ್ಚಾ' ಎಂದು ಬರೆದುಕೊಳ್ಳುವ ಮಹನೀಯರು ಆಷಾಢದ ಮಳೆಯಲ್ಲೊಮ್ಮೆ ಬಂದು ಗೋಡೆಯನ್ನು ಮುಟ್ಟಿ ನೋಡಲಿ, ಆಮೇಲೆ ಬರೆಯಲಿ.