ಎಂಜಿನ್ ಫ್ಲಷ್: ಅಗತ್ಯವಿಲ್ಲದ ಖರ್ಚು

ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಬೈಕಿನ ಎಂಜಿನ್ ಫ್ಲಷ್ ಮಾಡಿಸಬೇಕು, ಒಳಗುಳಿದ ಕೊಳೆ ಹೊಸ ಆಯಿಲನ್ನೂ ಕೆಡಿಸುತ್ತದೆ, ಕರಾವಳಿಯ ತೇವದಲ್ಲಂತೂ ಇದು ಕಡ್ಡಾಯ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಕಾಳಜಿ ಸರಿ, ಮದ್ದು ತಪ್ಪು.

ಆಯಿಲ್ ಕಪ್ಪಾಗಿರುವುದನ್ನೇ ಲೇಖಕರು ಸಾಕ್ಷಿಯಾಗಿ ತೋರಿಸುತ್ತಾರೆ. ಆದರೆ ಆಯಿಲಿನಲ್ಲಿ ಮೊದಲೇ ಬೆರೆತಿರುವ ಡಿಟರ್ಜೆಂಟ್ ಮಸಿಯನ್ನು ಹಿಡಿದಿಟ್ಟುಕೊಂಡದ್ದರಿಂದಲೇ ಅದು ಕಪ್ಪಾಗುವುದು. ಎಂಜಿನ್ ಬಿಸಿಯಿರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿದರೆ ಬಹುಪಾಲು ಕೊಳೆ ಹೊರಬರುತ್ತದೆ. ಉಳಿಯುವ ಅಲ್ಪಸ್ವಲ್ಪವನ್ನು ಹೊಸ ಆಯಿಲ್ ನಿಭಾಯಿಸುತ್ತದೆ.

ಲೇಖನ ಮುಟ್ಟದೇ ಬಿಟ್ಟ ಮುಖ್ಯ ಸಂಗತಿ ಕ್ಲಚ್‌ನದ್ದು. ಕಾರಿನಂತಲ್ಲ, ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟ್ ಜಾರಬಾರದೆಂದೇ ಜಪಾನಿನ ಜಾಸೋ ಸಂಸ್ಥೆ 1998ರಲ್ಲಿ ಬೈಕ್ ಆಯಿಲಿಗೆ ಪ್ರತ್ಯೇಕ ಮಾನದಂಡ ತಂದಿತು. ಡಬ್ಬಿಯ ಮೇಲಿನ ಎಂಎ, ಎಂಎ2 ಗುರುತು ಅದೇ. ಕಾರಿಗೆಂದು ಮಾಡಿದ ಫ್ಲಷ್ ದ್ರವವನ್ನು ಇಂಥ ಎಂಜಿನ್ನಿಗೆ ಸುರಿಯುವುದು ಅಪಾಯ. ಅದು ಆಯಿಲನ್ನು ತೆಳುವಾಗಿಸುತ್ತದೆ. ಪೂರ್ತಿ ಸೋರಿಹೋಗುವುದೂ ಇಲ್ಲ. ಹಳೆಯ ಎಂಜಿನ್ನಿನಲ್ಲಾದರೆ ಎದ್ದ ಗಷ್ಟು ಸ್ಟ್ರೈನರಿಗೆ ಸಿಕ್ಕಿ ಆಯಿಲಿನ ದಾರಿಯನ್ನೇ ಕಟ್ಟಬಹುದು.

ತೇವದ ಮಾತು ನಿಜ. ಮಂಗಳೂರಿನ ಒಳಗೇ ಕದ್ರಿಯಿಂದ ಹಂಪನಕಟ್ಟೆಗೆ ಹೋಗಿಬರುವಷ್ಟೇ ಸವಾರಿಯಾದರೆ ಎಂಜಿನ್ ಸಾಕಷ್ಟು ಕಾಯುವುದಿಲ್ಲ, ಒಳಗಿನ ನೀರು ಆವಿಯಾಗುವುದಿಲ್ಲ. ಅದಕ್ಕೆ ಪರಿಹಾರ ಆಗಾಗ ಉದ್ದದ ಸವಾರಿ, ಮಳೆಗಾಲದಲ್ಲಿ ಅವಧಿಗೆ ಮುಂಚೆಯೇ ಆಯಿಲ್ ಬದಲಾವಣೆ. ನೆರೆನೀರು ಹೊಕ್ಕು ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಮಾತ್ರ ತೊಳೆಯಬೇಕು. ಆಗಲೂ ರಾಸಾಯನಿಕ ಬೇಡ: ಅದೇ ದರ್ಜೆಯ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೆ ಬಸಿದು ಬದಲಿಸಿ. ಫ್ಲಷ್‌ಗೆ ಸುರಿಯುವ ಹಣವನ್ನು ಹೊಸ ಫಿಲ್ಟರಿಗೆ ಕೊಡಿ.