ಹಂಗಾಮಿನ ಮೀನು
ಆಸ್ಟ್ರೇಲಿಯಾದ ಪರ್ತ್, ಅಡಿಲೇಡ್ ಕಡೆ ಹಿತ್ತಲಲ್ಲಿ ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಗಿಡ ಬೆಳೆಸುವುದು) ಮಾಡುವವರು ಮೀನನ್ನೂ ಬೆಳೆಯ ಹಾಗೆ ಹಂಗಾಮು ನೋಡಿ ಹಾಕುತ್ತಾರೆ. ಮೇ ತಿಂಗಳ ಹೊತ್ತಿಗೆ ಅಲ್ಲಿ ಚಳಿ ಹಿಡಿಯುವಾಗ ತೊಟ್ಟಿಗೆ ರೇನ್‌ಬೋ ಟ್ರೌಟ್ ಮರಿ ಬೀಳುತ್ತದೆ. ಬಿಸಿಲೇರುವ ಮೊದಲೇ ಅದು ಬಾಣಲೆ ಸೇರಬೇಕು. ಬೇಸಿಗೆಗೆ ಬ್ಯಾರಮಂಡಿಯೋ ಸಿಲ್ವರ್ ಪರ್ಚೋ ಬರುತ್ತದೆ. ಟ್ರೌಟ್‌ಗೆ ಹಿತವಾದದ್ದು 12ರಿಂದ 16 ಡಿಗ್ರಿ ನೀರು. 20 ದಾಟಿದರೆ ಮೇವು ಬಿಡುತ್ತದೆ, 25ರ ಆಸುಪಾಸಿನಲ್ಲಿ ಜೀವವನ್ನೇ ಬಿಡುತ್ತದೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 25 ಡಿಗ್ರಿಯದು ಬರೀ 8. ಮೀನಿಗೆ ಉಸಿರು ಹೆಚ್ಚು ಬೇಕಾದಾಗಲೇ ಈ ಕೊರತೆ. ಕರೆಂಟು ಹೋಗಿ ಪಂಪು ನಿಂತರೆ ಮೊದಲು ಸಾಯುವುದು ಟ್ರೌಟೇ. ಬ್ಯಾಟರಿಯ ಗಾಳಿಪಂಪು ಇಲ್ಲದೆ ಇದಕ್ಕೆ ಕೈಹಾಕುವುದು ಹುಂಬತನ. ತೊಟ್ಟಿಗೆ ಬಲೆಯೂ ಬೇಕು, ಇಲ್ಲವಾದರೆ ರಾತ್ರಿ ಎಗರಿದ ಒಂದೆರಡು ಮೀನು ಬೆಳಿಗ್ಗೆ ನೆಲದ ಮೇಲೆ ಸೆಟೆದುಕೊಂಡಿರುತ್ತವೆ. ನಿಜವಾದ ತೊಡಕು ಬೇರೆ: ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಟ್ರೌಟ್ ಬಯಸುವ ತಂಪಿನಲ್ಲಿ ಸೋಮಾರಿಯಾಗುತ್ತವೆ. ಅವು ಬೆಚ್ಚಗಿನ ದಿನಗಳಲ್ಲೇ ಗಿಡಗಳ ಜಲ್ಲಿಪಾತಿಯಲ್ಲಿ ನೆಲೆಯೂರಿರಬೇಕು. ಹೊಸ ತೊಟ್ಟಿಗೆ ನಡುಚಳಿಯಲ್ಲಿ ಮರಿ ಬಿಟ್ಟವರು ಅಮೋನಿಯಾ ಪರೀಕ್ಷೆಯ ನಳಿಕೆ ಹಳದಿಯಿಂದ ಕಡುಹಸಿರಿಗೆ ತಿರುಗುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಈ ತಂಪಿನಲ್ಲಿ ಪಾತಿಗೆ ಲೆಟ್ಯೂಸ್, ಪಾಲಕ್, ಕೋಸು ಸರಿ; ಟೊಮೆಟೊ ಆಸೆ ಬೇಡ. ಬೆಂಗಳೂರಿನ ತಾರಸಿಯಲ್ಲಿ? ಚಿಲ್ಲರ್ ಇಟ್ಟರೆ ಆದೀತು, ಆದರೆ ಮೀನಿಗಿಂತ ಬೇಗ ಕರೆಂಟ್ ಬಿಲ್ಲೇ ಬೆಳೆಯುತ್ತದೆ. ಟ್ರೌಟ್ ನೋಡುವ ಆಸೆಯಿದ್ದವರು ನೀಲಗಿರಿಯ ಅವಲಾಂಚಿಗೆ ಹೋಗಬಹುದು. ಬ್ರಿಟಿಷರು ಅಲ್ಲಿ ಅದರ ಮರಿಕೇಂದ್ರ ಕಟ್ಟಿದ್ದು 1907ರಲ್ಲಿ.