ಖಗೋಳ ವಿಜ್ಞಾನಿಯ ಎಚ್ಚರಿಕೆ

ಶಿಕಾಗೋ ವಿಶ್ವವಿದ್ಯಾಲಯದ ಖಗೋಳ ಭೌತವಿಜ್ಞಾನಿ ಡೇನಿಯಲ್ ಹೋಲ್ಜ್ ಅವರದು ಎರಡು ಬಗೆಯ ದುಡಿಮೆ. 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಒಂದಾದಾಗ ಹೊರಟ ಗುರುತ್ವ ತರಂಗಗಳನ್ನು 2015ರಲ್ಲಿ ಹಿಡಿದ 'ಲೈಗೋ' ತಂಡದಲ್ಲಿ ಅವರಿದ್ದರು. ಇಂತಹ ತರಂಗಗಳಿಂದಲೇ ವಿಶ್ವ ಹಿಗ್ಗುವ ವೇಗವನ್ನು ಅಳೆಯುವ ವಿಧಾನವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಅದೇ ಹೋಲ್ಜ್ ಮಾನವಕುಲದ ಅಳಿವಿನ ಅಪಾಯಗಳನ್ನು ಅಭ್ಯಸಿಸುವ ಕೇಂದ್ರವೊಂದನ್ನೂ ಕಟ್ಟಿದರು. 'ಪ್ರಳಯ ಗಡಿಯಾರ'ದ ಮುಳ್ಳನ್ನು ನಿಗದಿಪಡಿಸುವ ವಿಜ್ಞಾನಿ ಮಂಡಳಿಯ ಅಧ್ಯಕ್ಷತೆಯನ್ನೂ ವಹಿಸಿದರು. 1947ರಲ್ಲಿ ಮಧ್ಯರಾತ್ರಿಗೆ 7 ನಿಮಿಷವಿದ್ದ ಆ ಮುಳ್ಳು 2025ರ ಜನವರಿಯಲ್ಲಿ 89 ಸೆಕೆಂಡಿಗೆ ಬಂದು ನಿಂತಿತು.

ಲೈಗೋ ಕೊಟ್ಟುದು ಅಳತೆ, ಗಡಿಯಾರ ಕೊಡುವುದು ಅಭಿಪ್ರಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬ ಟೀಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಣ್ವಸ್ತ್ರ ಯುದ್ಧವನ್ನು ಪ್ರಯೋಗ ಮಾಡಿ ನೋಡಿ ತಿಳಿಯುವಂತಿಲ್ಲ. ಬಲ್ಲವರ ವಿವೇಚನೆಯೊಂದೇ ಅಲ್ಲಿ ಆಧಾರ. ಮುಳ್ಳು ಸದಾ ಮುಂದಕ್ಕೇ ಸಾಗಿದುದೂ ಅಲ್ಲ. 1991ರಲ್ಲಿ ಶೀತಲ ಸಮರ ಮುಗಿದು, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಅಸ್ತ್ರ ಕಡಿತದ ಒಪ್ಪಂದಕ್ಕೆ ಸಹಿ ಹಾಕಿದಾಗ ಅದು 17 ನಿಮಿಷಕ್ಕೆ ಹಿಂದೆ ಸರಿದಿತ್ತು. ಅಂದರೆ ಮುಳ್ಳನ್ನು ಮುಂದೊತ್ತುವವರೂ ಹಿಂದೆಳೆಯುವವರೂ ಮನುಷ್ಯರೇ. ಕಪ್ಪುಕುಳಿಗಳ ಡಿಕ್ಕಿಯನ್ನು ತಡೆಯುವುದು ಯಾರಿಂದಲೂ ಆಗದು. ಈ ಡಿಕ್ಕಿಯನ್ನು ತಡೆಯಬಹುದು. ಹೋಲ್ಜ್ ಅವರ ಎರಡನೆಯ ದುಡಿಮೆಯ ಅರ್ಥ ಇಷ್ಟೇ ಎಂದು ನಾವು ಭಾವಿಸುತ್ತೇವೆ.